ಕೊನೆಯ ಮನೆಯ ಸಾಹುಕಾರ

ಮರೆಪ್ಪನ ಗುಡಿಸಲಿನಲ್ಲಿ ಏನೂ ಇರಲಿಲ್ಲ. ಆ ದಿನದ ತೊಂದರೆಗೆಲ್ಲ ಅದೇ ಮೂಲ. ಒಂದು ಚಾಪೆ, ಎರಡು ಪಾತ್ರೆ, ತಲೆಯ ಮೇಲೆ ತೂತುಬಿದ್ದ ತಗಡು. ಆಕಾಶ ನೋಡಲು ಅವನು ಹೊರಗೆ ಬರಬೇಕಾಗಿರಲಿಲ್ಲ.

ಎಪ್ಪತ್ಮೂರರ ಮೇ ಕೊನೆ. ಮಳೆಗಾಲಕ್ಕೆ ಮೊದಲು ಮುಂಬಯಿ ಧಾರಾವಿಯ ಆ ಓಣಿಯ ಬಡವರಿಗೆ ಸರ್ಕಾರ ಹೊಸ ತಗಡು ಹಂಚುವುದಿತ್ತು. ಫೋರ್ಟಿನ ಸರ್ಕಾರಿ ಕಚೇರಿಯಿಂದ ಕೇಶವಮೂರ್ತಿ ಎಂಬ ಸಾಹೇಬರು ಬಂದು, ಮನೆಮನೆ ನೋಡಿ, ಬಡವರ ಬಾಗಿಲಿಗೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಗುರುತು ಬಿದ್ದವರಿಗೆ ಸಂಜೆಯೇ ತಗಡು ಎಂದು ಸುದ್ದಿ.

ಬೆಳಗಾಗುತ್ತಲೇ ಪಕ್ಕದ ಮನೆಯ ಬಸವಂತರಾಯ ರೇಡಿಯೊ ಹೊತ್ತು ಬಂದ.

"ಮರೆಪ್ಪಣ್ಣ, ಇದು ಕಂಡ್ರ ನನಗ ತಗಡು ಸಿಗಂಗಿಲ್ಲ. ನಿನ್ನ ಮನ್ಯಾಗ ಇರ್ಲಿ."

"ಮತ್ತ ನನ್ನ ಗತಿ?"

"ನಿಂದು ಕೊನೀ ಮನಿ. ಸಾಹೇಬ್ರು ಇಲ್ಲೀತನ ಬರೂದ್ರಾಗ ವಾಪಸ್ ಒಯ್ತೀನಿ."

ಹಿಂದೆಯೇ ಗುರುಬಾಯಿ ಹೊಲಿಗೆ ಯಂತ್ರ ತಂದಳು. ಆಮೇಲೆ ಗೋಡೆ ಗಡಿಯಾರ, ಹಿತ್ತಾಳೆ ಹಂಡೆ, ಕಬ್ಬಿಣದ ಮಂಚ. ನೆಲದೊಳಗಿನ ಹಗೇವಿಗೆ ಜೋಳ ಸುರಿದಂತೆ ಓಣಿಯ ಸಂಪತ್ತೆಲ್ಲ ಬಂದು ಬಿತ್ತು. ಮರೆಪ್ಪನ ಹೆಂಡತಿ ಹಾಲವ್ವ ನಿಲ್ಲಲು ಜಾಗವಿಲ್ಲದೆ ಮಂಚ ಹತ್ತಿ ಕುಳಿತಳು.

ಸಾಹೇಬರು ಬಂದರು. ಓಣಿಯ ಬಾಯಿಗೆ ಎಮ್ಮೆಯೊಂದು ಅಡ್ಡ ಮಲಗಿತ್ತು. ಎಮ್ಮೆ ಏಳಲಿಲ್ಲ, ಸಾಹೇಬರೇ ಸುತ್ತಿಕೊಂಡು ಹಿಂದಿನಿಂದ ಬಂದು, ಕೊನೆಯ ಮನೆಯಿಂದಲೇ ಶುರು ಮಾಡಿದರು.

"ಏನ್ರೀ ಇದು! ಇಷ್ಟೆಲ್ಲಾ ನಿಮ್ದೇನಾ?"

ಮರೆಪ್ಪ ಬಾಯಿ ತೆರೆದ. ಸಾಹೇಬರ ಬೆನ್ನ ಹಿಂದೆ ಇಡೀ ಓಣಿ ಕೈಮುಗಿದು ನಿಂತಿತ್ತು. ನಿಜ ಹೇಳಿದರೆ ಯಾರಿಗೂ ತಗಡಿಲ್ಲ.

"ಹೌದ್ರಿ," ಎಂದ.

"ಮತ್ತೆ ಮೇಲ್ಗಡೆ ತೂತು?"

"ಗಾಳಿಗಿರ್ಲಂತ ಬಿಟ್ಟೀನ್ರಿ."

ಸಾಹೇಬರು ಹೆಗಲು ತಟ್ಟಿದರು. "ಇದ್ದೋರಿಂದ ತೆರಿಗೆ ತಗೊಂಡು ಇಲ್ಲದೋರಿಗೆ ಕೊಡೋದು ನಮ್ಮ ಕೆಲಸ. ನೀವು ಬೇಜಾರು ಮಾಡ್ಕೋಬಾರದು."

"ಬೀಡಿಗೂ ಕಡ್ಡಿಪೆಟ್ಟಿಗೀಗೂ ನಾವೂ ಸುಂಕ ಕೊಡ್ತೀವ್ರಿ ಸಾಹೇಬ್ರ," ಎಂದಳು ಹಾಲವ್ವ ಮಂಚದ ಮೇಲಿಂದ.

"ಕೊಡ್ಲೇಬೇಕಲ್ಲಮ್ಮಾ, ಅನುಕೂಲಸ್ಥರು!"

ಉಳಿದ ಮನೆಗಳು ತೊಳೆದಿಟ್ಟ ಗಡಿಗೆಯಂತೆ ಖಾಲಿಯಿದ್ದವು. ಆ ಎಲ್ಲ ಬಾಗಿಲಿಗೂ ಗುರುತು ಬಿತ್ತು.

ಮಧ್ಯಾಹ್ನ ಸಾಹೇಬರು ಊಟಕ್ಕೆ ಹೋದಾಗ ಎಲ್ಲರೂ ತಮ್ಮ ತಮ್ಮ ಸಾಮಾನು ಒಯ್ದರು. "ಚಿಂತಿ ಮಾಡಬ್ಯಾಡಣ್ಣ," ಎಂದ ಬಸವಂತರಾಯ, ರೇಡಿಯೊ ಬಗಲಿಗೆ ಸೇರಿಸಿಕೊಳ್ಳುತ್ತ. "ಸಂಜೀಗೆ ನಾನೇ ಸಾಹೇಬ್ರಿಗೆ ಹೇಳಿ ನಿನಗೊಂದು ಕೊಡಸ್ತೀನಿ."

ಸಂಜೆ ಲಾರಿ ಬಂತು. ಬಸವಂತರಾಯ ಮಾತಿಗೆ ತಪ್ಪಲಿಲ್ಲ, ಸಾಹೇಬರ ಹತ್ತಿರ ಹೋದ. ಎದುರಿಗೆ ನಿಂತದ್ದೇ ಅವನ ಧೈರ್ಯ ಜಾರಿತು. "ನಮ್ಮ ಮರೆಪ್ಪ ಭಾಳ... ಭಾಳ ದೊಡ್ಡ ಮನಸಿನ ಮನಷ್ಯಾರಿ," ಎಂದುಬಿಟ್ಟ.

ಸಾಹೇಬರ ಮುಖ ಅರಳಿತು. ಮರೆಪ್ಪನನ್ನು ಕರೆದು, ಓಣಿಯವರು ತಮಗೆಂದು ತಂದಿದ್ದ ಚೆಂಡುಹೂವಿನ ಹಾರವನ್ನು ಅವನಿಗೇ ಹಾಕಿದರು. "ಈ ಬಡವರಿಗೆ ಓಣಿಯ ಸಾಹುಕಾರರೇ ಕೈಯಾರೆ ಹಂಚಲಿ!"

ಓಣಿ ಚಪ್ಪಾಳೆ ತಟ್ಟಿತು. ಮರೆಪ್ಪ ಒಂದೊಂದೇ ತಗಡು ಎತ್ತಿ ಕೊಟ್ಟ. ಕೊನೆಯದು ಬಸವಂತರಾಯನಿಗೆ ಹೋಯಿತು.

ಹಾರದ ಸಮೇತ ಮನೆಗೆ ಬಂದು ಕೂರುವಷ್ಟರಲ್ಲಿ ಮೊದಲ ಮಳೆ ಬಿತ್ತು. ಪಕ್ಕದಲ್ಲಿ ಅವಸರದಿಂದ ಹೊದಿಸಿದ್ದ ಹೊಸ ತಗಡಿನ ಕೆಳಗೆ ರೇಡಿಯೊ ಹಾಡುತ್ತಿತ್ತು. ಹಾಲವ್ವ ಪಾತ್ರೆ ಹಿಡಿದು ನಿಂತಳು.

"ಸಾವ್ಕಾರ್ರ, ಒಂದೀಟು ಆಚಿ ಸರೀರಿ. ಗಾಳಿ ತೂತಿನಾಗಿಂದ ನೀರು ಬರ್ಲಿಕತ್ತದ."