ಮೇಷ್ಟ್ರ ಬಲಗಾಲಿನ ಟ್ಯೂಷನ್

"ಟ್ಯೂಷನ್ನಾ? ಹೊರಗಿನವರ ಹತ್ತಿರ? ನನ್ನ ಮಗಳಿಗಾ? ನಾನಿನ್ನೂ ಬದುಕಿದ್ದೀನಿ ಕಣೇ!"

ಹೀಗೆಂದು ಡ್ರೈವಿಂಗ್ ಮೇಷ್ಟ್ರು ಊಟದ ಮೇಜು ಗುದ್ದಿದ ರಭಸಕ್ಕೆ ನೀರಿನ ಲೋಟ ಮಗುಚಿಕೊಂಡಿತು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮಹಾನುಭಾವರು ಅವರು! ಸ್ಟೀರಿಂಗ್ ಕಂಡರೆ ಗಡಗಡ ನಡುಗುತ್ತಿದ್ದ ಹಲ್ಲಿನ ಡಾಕ್ಟರನ್ನೂ, ಹಿಂದಕ್ಕೆ ತೆಗೀರಿ ಎಂದರೆ ಮುಂದಕ್ಕೆ ನುಗ್ಗುತ್ತಿದ್ದ ಬ್ಯಾಂಕ್ ಮ್ಯಾನೇಜರನ್ನೂ ರಸ್ತೆಗೆ ಬಿಟ್ಟವರು. ಅಂಥವರಿಗೆ ಹೆತ್ತ ಮಗಳಿಗೆ ನಾಲ್ಕು ಲೆಕ್ಕ ಹೇಳಿಕೊಡುವುದು ಯಾವ ಮಹಾ? ಅದೂ ಕಾಲೇಜಿನಲ್ಲಿ ಗಣಿತವನ್ನೇ ಓದಿದವರಿಗೆ!

ಹೆಂಡತಿ ಔಷಧದಂಗಡಿಯಲ್ಲಿ ಕೆಲಸ ಮಾಡುವವಳು. ಮದ್ದು ಕೊಡುವ ಮೊದಲೇ ಅದರಿಂದ ಆಗುವ ತೊಂದರೆ ಯೋಚಿಸುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

"ರೀ, ನನಗೂ ನೀವೇ ಕಾರು ಕಲಿಸಿದ್ದು. ಲೈಸೆನ್ಸೂ ಬಂತು. ಆಮೇಲೆ ಒಂದು ದಿನವಾದ್ರೂ ಸ್ಟೀರಿಂಗ್ ಮುಟ್ಟಿದ್ದೀನಾ?"

"ನಿನಗೆ ಆಸಕ್ತಿ ಇಲ್ಲ, ಅದಕ್ಕೆ."

"ನನಗೆ ಇತ್ತು. ನಿಮ್ಮ ಕಾಲಿಗೆ ನನಗಿಂತ ಜಾಸ್ತಿ ಇತ್ತು!"

ಈ ಕಾಲಿನ ವಿಷಯ ಹೇಳಲೇಬೇಕು. ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವನು ತಪ್ಪಿದರೆ ಇವರು ಒತ್ತಬೇಕು. ವರ್ಷಾನುಗಟ್ಟಲೆ ಒತ್ತಿ ಒತ್ತಿ, ಎದುರಿಗೆ ಯಾರೇ ತಪ್ಪು ಮಾಡಲಿ, ಮೇಷ್ಟ್ರ ಬಲಗಾಲು ತಾನಾಗಿಯೇ ನೆಲಕ್ಕೆ ಅಪ್ಪಳಿಸುತ್ತಿತ್ತು. ಹಾಲು ಉಕ್ಕಿದರೆ ಟಪ್! ಟೀವಿಯಲ್ಲಿ ವಾರ್ತೆ ಓದುವವಳು ತಡವರಿಸಿದರೆ ಟಪ್! ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹೊಟ್ಟೆಪಾಡಿಗೆ ಕಲಿತ ಗುಣ, ಇದೂ ಹೋಗಲಿಲ್ಲ. ತಮಾಷೆಯೆಂದರೆ, ಆ ಕಾಲು ಮೇಷ್ಟ್ರದೇ ಆದರೂ ಅದು ಮಾಡುವ ಸದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಮಗಳು ಪುಟ್ಟಿಗೆ ಕಟ್ಟಡಗಳ ಹುಚ್ಚು. ರಟ್ಟಿನ ಪೆಟ್ಟಿಗೆಗಳಿಗೆ ಕಿಟಕಿ ಕೊರೆಯುತ್ತಲೇ ಬೆಳೆದ ಹುಡುಗಿ. ಕಟ್ಟಡ ವಿನ್ಯಾಸದ ಕಾಲೇಜು ಸೇರಬೇಕೆಂದರೆ ಪ್ರವೇಶ ಪರೀಕ್ಷೆ ದಾಟಬೇಕು. ಅದರಲ್ಲಿ ಗಣಿತ ಕೈಕೊಟ್ಟರೆ ಆಸೆ ನೀರುಪಾಲು. ಹಾಗಾಗಿ ಆ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುತ್ತಲೂ ಇರಲಿಲ್ಲ.

ಟ್ಯೂಷನ್ ಶುರುವಾಯಿತು. ಊಟದ ಮೇಜಿನ ಆ ಕಡೆ ಮಗಳು, ಈ ಕಡೆ ಅಪ್ಪ. ಪುಟ್ಟಿ ಲೆಕ್ಕ ಮಾಡಿ, ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದರ ಮೇಲೆ ಪೆನ್ಸಿಲ್ ಇಡುತ್ತಿದ್ದಳು. ತಪ್ಪಾಗಿದ್ದರೆ ಮೇಜಿನ ಕೆಳಗೆ ಟಪ್! ಪೆನ್ಸಿಲ್ ಪಕ್ಕಕ್ಕೆ ಸರಿಯುತ್ತಿತ್ತು. ಸದ್ದಿಲ್ಲವೆಂದರೆ ಉತ್ತರ ಸರಿ. ಕೆಲವೇ ದಿನಗಳಲ್ಲಿ ಪುಟ್ಟಿ ಒಂದು ಲೆಕ್ಕವನ್ನೂ ತಪ್ಪದಂತಾದಳು. ಮೇಷ್ಟ್ರು ಉಬ್ಬಿಹೋದರು. ಕಾರು ಕಲಿಯಲು ಬಂದವರಿಗೆಲ್ಲ ಕ್ಲಚ್ಚಿನ ಬದಲು ಮಗಳ ಬುದ್ಧಿವಂತಿಕೆಯನ್ನೇ ವಿವರಿಸತೊಡಗಿದರು.

ಆಮೇಲೆ ಬಂತು ಶಾಲೆಯವರು ನಡೆಸಿದ ಮಾದರಿ ಪರೀಕ್ಷೆ. ಅದರ ಫಲಿತಾಂಶ ನೋಡಿ ಮೇಷ್ಟ್ರು ಕಣ್ಣುಜ್ಜಿಕೊಂಡರು. ಗಣಿತದಲ್ಲಿ ಪುಟ್ಟಿ ತಳ ಕಂಡಿದ್ದಳು!

"ತಿದ್ದಿದವರಿಗೆ ಕಣ್ಣು ಕಾಣಲ್ವಾ? ಕೊಡಿಲ್ಲಿ!" ಎಂದು ಉತ್ತರ ಪತ್ರಿಕೆ ಕಿತ್ತುಕೊಂಡು ನೋಡಿದರು. ಪುಟ್ಟಿ ಮೊದಲು ಗುರುತು ಹಾಕಿದ್ದೆಲ್ಲ ಬಹುಪಾಲು ಸರಿಯಾಗೇ ಇತ್ತು. ಆದರೆ ಆ ಸರಿ ಉತ್ತರಗಳನ್ನೆಲ್ಲ ಹೊಡೆದುಹಾಕಿ ಬೇರೆ ಗುರುತು ಹಾಕಿದ್ದಳು.

"ಪುಟ್ಟೀ, ಇದೇನೇ ಇದು? ಬಂದಿದ್ದನ್ನ ಯಾಕೆ ಹೊಡೆದುಹಾಕಿದೆ?"

ಪುಟ್ಟಿಯ ಕಣ್ಣು ತುಂಬಿಕೊಂಡಿತು. "ಪರೀಕ್ಷೆ ಕಾಯೋ ಮೇಡಮ್ ಗಟ್ಟಿ ಹಿಮ್ಮಡಿ ಚಪ್ಪಲಿ ಹಾಕ್ಕೊಂಡು ಓಡಾಡ್ತಿದ್ರು ಅಪ್ಪಾ. ನಾನು ಗುರುತು ಹಾಕ್ದಾಗೆಲ್ಲ ಟಕ್ ಅನ್ನೋದು. ಟಕ್ ಅಂದ ತಕ್ಷಣ ತಪ್ಪೇನೋ ಅನ್ನಿಸೋದು. ನಾನು ಬೇಕಂತ ಮಾಡಿಲ್ಲ. ಕೈ ತಾನಾಗೇ ಹೊಡೆದುಹಾಕ್ತಿತ್ತು."

"ಟಕ್ ಅಂದ್ರೆ ತಪ್ಪು ಅಂತ ನಿನಗೆ ಹೇಳಿದವರು ಯಾರು?"

ತಾಯಿ ಮಗಳು ಇಬ್ಬರೂ ಮೇಜಿನ ಕೆಳಗೆ ನೋಡಿದರು. ಮೇಷ್ಟ್ರೂ ಬಗ್ಗಿ ನೋಡಿದರು. ಅಲ್ಲಿ ಅವರ ಬಲಗಾಲು ಏನೂ ಅರಿಯದ ಕೂಸಿನಂತೆ ಕೂತಿತ್ತು.

"ಅಪ್ಪನಿಗೇ ತಕ್ಕ ಮಗಳು! ನಿಮಗೆ ಕಾಲು, ಅವಳಿಗೆ ಕೈ," ಎಂದಳು ಹೆಂಡತಿ. "ಅವಳಿಗೆ ಲೆಕ್ಕ ಬರುತ್ತೆ ರೀ. ಧೈರ್ಯವೊಂದನ್ನ ನೀವು ತುಳಿದು ಹಾಕಿದ್ದೀರಿ."

ನಿಜವಾದ ಪರೀಕ್ಷೆ ಎದುರಿಗೇ ಬಂದು ನಿಂತಿತ್ತು. ಮೇಷ್ಟ್ರು ಕಾಲ ಕೆಳಗೆ ದಿಂಬು ಇಟ್ಟುಕೊಂಡು ಪಾಠ ಮಾಡಿದರು. ಸದ್ದು ನಿಂತಿತು, ಹುಬ್ಬು ಹಾರತೊಡಗಿತು! ಪುಟ್ಟಿ ಹುಬ್ಬು ನೋಡಿ ಉತ್ತರ ಬದಲಾಯಿಸಿದಳು. ಗೋಡೆಗೆ ಮುಖ ಮಾಡಿ ಕೂತು, ಉತ್ತರಗಳನ್ನು ಬಾಯಲ್ಲಿ ಹೇಳಿಸಿದರು. ಭುಜ ಕುಣಿಯಿತು! ಕೊನೆಗೆ ಪರೀಕ್ಷೆಯ ಹಿಂದಿನ ದಿನ ಹೆಂಡತಿ ಕಾರಿನ ಕೀಲಿ ತಂದು ಅವರ ಕೈಗಿಟ್ಟಳು.

"ಹೋಗಿ, ಕಾರಲ್ಲಿ ಕೂತ್ಕೊಳ್ಳಿ. ಅಲ್ಲಿ ಎಷ್ಟು ಬೇಕೋ ಅಷ್ಟು ಒತ್ತಿ. ಅವಳು ಒಬ್ಬಳೇ ಕೂತು ಲೆಕ್ಕ ಮಾಡ್ಲಿ."

ಮೇಷ್ಟ್ರು ಮನೆ ಮುಂದೆ ನಿಂತ ಕಾರಿನಲ್ಲಿ ತಮ್ಮ ಮಾಮೂಲಿ ಜಾಗದಲ್ಲಿ ಕೂತರು. ಕಿಟಕಿಯಲ್ಲಿ ಮಗಳ ಬಗ್ಗಿದ ತಲೆ ಕಾಣುತ್ತಿತ್ತು. ಈಗ ಯಾವ ಲೆಕ್ಕ ಮಾಡುತ್ತಿದ್ದಾಳೋ, ಎಲ್ಲಿ ಎಡವುತ್ತಿದ್ದಾಳೋ! ಪಾಪ, ತಡೆಯಲಾರದೆ ಬ್ರೇಕಿನ ಮೇಲೆ ಕಾಲಿಟ್ಟರು. ಇಟ್ಟ ಕಾಲು ಸಂಜೆಯೆಲ್ಲ ತೆಗೆಯಲಿಲ್ಲ. ಊಟಕ್ಕೆ ಕರೆದಾಗಲೂ ಕಾಲು ಅಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಪುಟ್ಟಿ ಪೆನ್ನು, ಪೆನ್ಸಿಲ್ಲು, ಪ್ರವೇಶ ಪತ್ರ ಹಿಡಿದು ಕಾರು ಹತ್ತಿದಳು. ಮೇಷ್ಟ್ರು ಕೀಲಿ ತಿರುಗಿಸಿದರು. ಕಾರು ಮುದುಕನಂತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದರು. ಕೆಮ್ಮೂ ಇಲ್ಲ!

ಗೇಟಿನಲ್ಲಿ ನಿಂತಿದ್ದ ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಶಾಂತವಾಗಿ ಹೇಳಿದರು: "ಬ್ಯಾಟರಿ ಇಳಿದಿರುತ್ತೆ ಮೇಷ್ಟ್ರೇ. ನಿನ್ನೆ ಸಂಜೆಯೆಲ್ಲ ಹಿಂದಿನ ಕೆಂಪು ದೀಪ ಉರೀತಾನೇ ಇತ್ತಲ್ಲ."

"ನೋಡಿದ್ರಾ? ಒಂದು ಮಾತು ಹೇಳಬಾರದಿತ್ತಾ ಸಾರ್!"

"ನೀವು ಒಳಗೇ ಕೂತಿದ್ರಲ್ಲಪ್ಪ! ಏನೋ ಪ್ರಯೋಗ ಮಾಡ್ತಿದ್ದಾರೆ ಅಂದ್ಕೊಂಡೆ."

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ಬ್ರೇಕ್ ಒತ್ತಿದರೆ ದೀಪ ಉರಿಯುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದವರು ಅವರೇ! ರಸ್ತೆಯಲ್ಲಿ ಒಂದು ಆಟೋ ಇಲ್ಲ. ಇನ್ನು ಸ್ವಲ್ಪ ತಡವಾದರೆ ಪರೀಕ್ಷೆಯ ಬಾಗಿಲು ಮುಚ್ಚುತ್ತದೆ. 

"ತಳ್ಳಿದ್ರೆ ಸ್ಟಾರ್ಟ್ ಆಗುತ್ತೆ," ಎಂದರು ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ. "ಆದ್ರೆ ಸ್ಟೀರಿಂಗ್ ಹಿಡಿಯೋರು..."

ಮಾತು ಮುಗಿಯುವುದರೊಳಗೆ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಅವರನ್ನು ಪಕ್ಕಕ್ಕೆ ಸರಿಸಿ ಕೂತಾಗಿತ್ತು. "ಇಳೀರಿ. ತಳ್ಳಿ."

ಮೇಷ್ಟ್ರು ತಳ್ಳಿದರು. ಪೋಸ್ಟ್‌ಮಾಸ್ಟರೂ ಕೈ ಹಚ್ಚಿದರು. ಇಳಿಜಾರು ಸಿಕ್ಕಿತು, ಹೆಂಡತಿ ಕ್ಲಚ್ ಬಿಟ್ಟಳು, ಕಾರು ಎಗರಿ ಬಿದ್ದು ಗುರ್ರೆಂದು ಸ್ಟಾರ್ಟ್ ಆಯಿತು. ಹೊರಟೇ ಹೋಯಿತು!

"ನಿಲ್ಸೇ! ನಾನು ಹತ್ತಬೇಕು! ಮುಂದೆ ತಿರುವಿದೆ! ಬ್ರೇಕ್! ಬ್ರೇಕ್!"

ಒಂದು ಚಪ್ಪಲಿ ಎಲ್ಲೋ ಕಳಚಿಬಿತ್ತು. ಮೇಷ್ಟ್ರು ಓಡುತ್ತಲೇ ಬಲಗಾಲಿನಿಂದ ಡಾಂಬರು ರಸ್ತೆಯನ್ನು ಒದ್ದರು. ರಸ್ತೆಗೆ ಏನೂ ಆಗಲಿಲ್ಲ, ಕಾಲುಬೆರಳಿಗೆ ಆಯಿತು. ಕಾರು ತಿರುವಿನಲ್ಲಿ ಹೂವು ಎತ್ತಿಟ್ಟಂತೆ ತಿರುಗಿ ಕಣ್ಮರೆಯಾಯಿತು.

ಮಧ್ಯಾಹ್ನ ಕಾರು ಬಂದಾಗ ಮೇಷ್ಟ್ರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕಾದಿದ್ದರು. ಕೇಳಲೂ ಭಯ, ಕೇಳದಿರಲೂ ಭಯ.

"ಪುಟ್ಟೀ, ಇವತ್ತೂ ಆ ಚಪ್ಪಲಿ ಮೇಡಮ್ಮೇ ಇದ್ರಾ?"

"ಬೇರೆಯವರು ಅಪ್ಪಾ. ಆದ್ರೆ ಅವರ ಚಪ್ಪಲಿ ಇನ್ನೂ ಜೋರು."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. "ಮತ್ತೆ?"

"ಮೊದಲ್ನೇ ಸಲ ಟಕ್ ಅಂದಾಗ ಹೊಡೆದುಹಾಕೋಕೆ ಕೈ ಹೋಯ್ತು. ಆಗ ಬೆಳಿಗ್ಗೆದು ನೆನಪಾಯ್ತು. ಹಿಂದಿನಿಂದ ನೀನು ಅಷ್ಟು ಬ್ರೇಕ್ ಬ್ರೇಕ್ ಅಂತ ಕೂಗ್ಕೊಂಡ್ರೂ ಅಮ್ಮ ನಿಲ್ಲಿಸ್ಲೇ ಇಲ್ವಲ್ಲ! ಆದ್ರೂ ಸರಿಯಾಗೇ ತಲುಪಿದ್ವಿ. ನಾನೂ ನಿಲ್ಲಿಸ್ಲಿಲ್ಲ."

ಮೇಷ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಕಾರಿನ ಕೀಲಿ ಮಾತ್ರ ಅಂದಿನಿಂದ ಹೆಂಡತಿಯ ಕೈಚೀಲದಲ್ಲೇ ಉಳಿಯಿತು.

ಫಲಿತಾಂಶ ಬಂತು. ಪುಟ್ಟಿಗೆ ಸೀಟು ಸಿಕ್ಕಿತು! ಪೋಸ್ಟ್‌ಮಾಸ್ಟರು ಅಭಿನಂದಿಸಲು ಬಂದು, ಅದೇ ಊಟದ ಮೇಜಿನ ಮುಂದೆ ಕೂತು, "ಭೇಷ್ ಮೇಷ್ಟ್ರೇ! ಯಾರ ಹತ್ರ ಟ್ಯೂಷನ್ನು?" ಎಂದರು.

ಮೇಷ್ಟ್ರು ಎದೆಯುಬ್ಬಿಸಿದರು. "ಹೊರಗಿನವರು ಯಾಕೆ ಸಾರ್? ನಾನೇ ಖುದ್ದಾಗಿ ಪಕ್ಕದಲ್ಲಿ ಕೂತು..."

ಟಪ್!

ಮೇಷ್ಟ್ರು ಬೆಚ್ಚಿ ತಮ್ಮ ಕಾಲು ನೋಡಿಕೊಂಡರು. ಅದು ಅಲುಗಾಡಿರಲಿಲ್ಲ. ತಲೆಯೆತ್ತಿದರೆ ತಾಯಿ ಮಗಳು ಇಬ್ಬರೂ ಗಂಭೀರವಾಗಿ ಕಿಟಕಿಯ ಕಡೆ ನೋಡುತ್ತಿದ್ದರು.

"ಅಂದ್ರೆ... ಲೆಕ್ಕವೆಲ್ಲ ನಾನೇ ಹೇಳಿಕೊಟ್ಟು..."

ಟಪ್! ಟಪ್!

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ನಾನು ಹಿಂದಿನಿಂದ ಸ್ವಲ್ಪ ತಳ್ಳಿದೆ ಸಾರ್. ಅಷ್ಟೇ."

ಮೇಜಿನ ಕೆಳಗೆ ಸದ್ದಿಲ್ಲ. ಸದ್ದಿಲ್ಲವೆಂದರೆ, ಉತ್ತರ ಸರಿ.