ಹೆರಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಮಾತನಾಡುವ ಕುರಿತು

ಸಂಖ್ಯೆ: ತಾ.ಆ./ಬೆಂಚು/ಮಾತು/೧೭

ವಿಷಯ: ಗರ್ಭಿಣಿಯರು ಕಾಯುವ ಬೆಂಚಿನ ಮೇಲಿನ ಅನಧಿಕೃತ ಮಾತುಕತೆಯನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: ಇಲಾಖೆಯ ಆರೋಗ್ಯ ಅರ್ಥಶಾಸ್ತ್ರಜ್ಞೆಯವರ ಸಂಶೋಧನಾ ವರದಿ ಹಾಗೂ ಸದರಿಯವರ ತಕರಾರು.

ಗರ್ಭಿಣಿಯರು ತಪಾಸಣೆಗೆ ತಡವಾಗಿ ಬರುವುದೇಕೆಂದು ಪತ್ತೆಹಚ್ಚಲು ನೇಮಕಗೊಂಡ ಅರ್ಥಶಾಸ್ತ್ರಜ್ಞೆಯವರು, ಇಲಾಖೆಯು ಗೋಡೆಗೆ ಅಂಟಿಸಿದ್ದನ್ನು ಯಾರೂ ಓದುವುದಿಲ್ಲವೆಂದೂ, ಮನೆಯವರು ಬೇಡವೆಂದರೂ ಬೆಂಚಿನಲ್ಲಿ ಪಕ್ಕ ಕೂತವಳು ಹೇಳಿದರೆ ಹೆಂಗಸರು ಬರುತ್ತಾರೆಂದೂ, ಆದ್ದರಿಂದ ಇನ್ನೊಂದು ಬೆಂಚು ಬೇಕೆಂದೂ ವರದಿ ಮಾಡಿರುತ್ತಾರೆ. ಇಲಾಖೆಯ ಗಮನಕ್ಕೆ ಬಾರದೆ ಉಪಕಾರವೊಂದು ನಡೆಯುತ್ತಿರುವುದನ್ನು ಗಂಭೀರವಾಗಿ ಪರಿಗಣಿಸಿ, ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ಇನ್ನೊಂದು ಬೆಂಚಿನ ಬದಲು, ಇರುವ ಬೆಂಚಿಗೆ ಒಬ್ಬ ಮೇಲ್ವಿಚಾರಕರನ್ನು ನೇಮಿಸಲಾಗಿದೆ. ಅವರು ಬೆಂಚಿನ ಮೇಲೆಯೇ ಕೂರತಕ್ಕದ್ದು.

೨. ಹೆರಿಗೆಯ ಅನುಭವ ಹೇಳಬಯಸುವವರು ಹೆತ್ತಿರುವ ಬಗ್ಗೆ ಪುರಾವೆ ಒದಗಿಸತಕ್ಕದ್ದು. ಕಂಕುಳಲ್ಲಿರುವ ಕೂಸನ್ನು ಪುರಾವೆಯಾಗಿ ಸ್ವೀಕರಿಸಲಾಗುವುದಿಲ್ಲ.

೩. ವಾಂತಿ, ಸೊಂಟನೋವು ಮತ್ತು ಗಂಡ, ಈ ವಿಷಯಗಳನ್ನು ಬೇರೆ ಬೇರೆ ದಿನ ಮಾತನಾಡತಕ್ಕದ್ದು.

೪. ಅತ್ತೆಯನ್ನು ದೂರುವವರು ಅತ್ತೆಯ ಲಿಖಿತ ಒಪ್ಪಿಗೆ ಲಗತ್ತಿಸತಕ್ಕದ್ದು.

೫. ನಿಟ್ಟುಸಿರಿಗೆ ಅಡ್ಡಿಯಿಲ್ಲ. ಆದರೆ ಪಕ್ಕದವರೂ ನಿಟ್ಟುಸಿರು ಬಿಟ್ಟಲ್ಲಿ ಅದನ್ನು ಸಂಭಾಷಣೆಯೆಂದೇ ಪರಿಗಣಿಸಲಾಗುವುದು.

೬. ಸಲಹೆಗಳನ್ನು ಇಲಾಖೆಗೆ ಸಲ್ಲಿಸಿ, ಅನುಮತಿ ಬಂದ ನಂತರ ಹೇಳತಕ್ಕದ್ದು. “ನಿಮ್ಮ ಅನುಮತಿ ಬರೋಷ್ಟರಲ್ಲಿ ಹೆರಿಗೆ ಆಗಿ, ಮಗು ನಡೆಯೋಕೂ ಶುರು ಮಾಡಿರುತ್ತೆ” ಎಂಬ ಅರ್ಥಶಾಸ್ತ್ರಜ್ಞೆಯವರ ತಕರಾರನ್ನು, ನಡೆಯುವ ಮಕ್ಕಳು ಈ ಇಲಾಖೆಯ ವ್ಯಾಪ್ತಿಗೆ ಬಾರದ ಕಾರಣ ಮುಕ್ತಾಯಗೊಳಿಸಲಾಗಿದೆ.

೭. ಮೇಲಿನವು ಬೆರಳಚ್ಚಾದ ನಂತರ ತಿಳಿದುಬಂದಿರುವುದೇನೆಂದರೆ, ಎಂಟು ತಿಂಗಳ ಗರ್ಭಿಣಿಯೊಬ್ಬರು ತಲೆನೋವೆಂದಾಗ ಅವರ ತಂದೆಯು “ಬಿಸಿಲಿಗೆ ಬಂದಿರಬೇಕು, ನಾಳೆ ನೋಡೋಣ” ಎಂದಿದ್ದರು. ಮಗಳು ಮಾತ್ರೆ ಇಸಕೊಂಡು ಹೋಗಲಷ್ಟೇ ಬಂದು ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿದ್ದ ಇಸ್ತ್ರಿ ಅಂಗಡಿಯಾಕೆ ಯಾವುದೇ ಅನುಮತಿ ಪಡೆಯದೆ, “ಕಾಲು ನೋಡಮ್ಮ, ಹೇಗೆ ಊದಿದೆ. ನನಗೂ ಹೀಗೇ ಆಗಿತ್ತು. ಸರದಿ ಗಿರದಿ ಬಿಡು, ಒಳಗೆ ನಡಿ” ಎಂದು ಕೈಹಿಡಿದು ಕರೆದೊಯ್ದಿರುತ್ತಾರೆ. ರಕ್ತದೊತ್ತಡ ವಿಪರೀತ ಏರಿತ್ತೆಂದೂ, ನಾಳೆಯಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವೆಂದೂ ವೈದ್ಯೆಯವರು ತಿಳಿಸಿದ್ದಾರೆ. ನಿನ್ನೆಯೇ ಹೆರಿಗೆ ಮಾಡಿಸಲಾಗಿದ್ದು, ಈಗ ತಾಯಿ, ಮಗು ಕ್ಷೇಮ. ಸದರಿ ತಂದೆ ಈ ಸುತ್ತೋಲೆಗೆ ಸಹಿ ಮಾಡುವವರೇ ಆಗಿದ್ದು, ಸಹಿ ವಕ್ರವಾಗಿದ್ದಲ್ಲಿ ಮನ್ನಿಸತಕ್ಕದ್ದು.

೮. ಕೆಟ್ಟ ಮೇಲೆ ಬರಬೇಕಾದ ಬುದ್ಧಿ ಕೆಡುವ ಮೊದಲೇ ಬಂದಿರುವುದನ್ನು ದಾಖಲಿಸಲಾಗಿದೆ. ಕಲಂ ೧ರಿಂದ ೬ರವರೆಗಿನವುಗಳನ್ನು ರದ್ದುಪಡಿಸುವ ಅಧಿಕಾರ ಕೆಳಗೆ ಸಹಿ ಮಾಡಿದವರಿಗಿಲ್ಲ. ಆದ್ದರಿಂದ ಯಾರೂ ಓದದಂತೆ ಈ ಸುತ್ತೋಲೆಯನ್ನು ಗೋಡೆಗೆ ಅಂಟಿಸಲು ಸೂಚಿಸಲಾಗಿದೆ.

ಸಹಿ/-
ಉಪನಿರ್ದೇಶಕರು
(ಮತ್ತು ನಿನ್ನೆಯಿಂದ ತಾತ)

ಪ್ರತಿಗಳು:
೧. ಬೆಂಚಿನ ಮೇಲ್ವಿಚಾರಕರಿಗೆ: ಎದ್ದು ಜಾಗ ಬಿಡಲು.
೨. ಅರ್ಥಶಾಸ್ತ್ರಜ್ಞೆಯವರಿಗೆ: ಇನ್ನೊಂದು ಬೆಂಚು ಎಲ್ಲಿ ಹಾಕಿಸಬೇಕೆಂದು ತೋರಿಸಲು.
೩. ಬಡಗಿಯವರಿಗೆ: ಅಳತೆಗಾಗಿ, ತುರ್ತು.
೪. ಕಡತಕ್ಕೆ.
೫. ಇಸ್ತ್ರಿ ಅಂಗಡಿಯಾಕೆಗೆ: ಪ್ರತಿ ಕಳುಹಿಸುವುದಿಲ್ಲ. ಕೆಳಗೆ ಸಹಿ ಮಾಡಿದವರೇ ಖುದ್ದಾಗಿ ಹೋಗಿ ಕೈಮುಗಿದು ಬರುವರು.