ಸರಾಸರಿ ಅಳತೆಯ ಜಂಪರು

"ತುಲಾ ಜಮಣಾರ ನಾಹೀ. ನಿನ್ನ ಕೈಲೆ ಆಗೂದಲ್ಲ ಬಿಡವಾ" ಎಂದರು ನಿಪ್ಪಾಣಿಯ ಟೇಲರ್ ಮಾಸ್ತರರು. ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ, ಯಾವ ಭಾಷೆಯಲ್ಲೂ ನನಗೆ ಆಸೆ ಉಳಿಯಬಾರದೆಂದು. ಅವರ ಅಂಗಡಿಯಲ್ಲಿ ಆರು ವರ್ಷ ಹುಕ್ಕು ಹಚ್ಚಿ, ಕಾಜಾ ಹಾಕಿ, ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಒಂದು ದಿನ "ಚಿಕ್ಕೋಡಿಯಾಗ ನನ್ನದ ಅಂಗಡಿ ಹಾಕ್ತೇನ್ರಿ" ಎಂದದ್ದಕ್ಕೆ ಸಿಕ್ಕ ಆಶೀರ್ವಾದ ಅದು. "ಶಾಲಿ ಮೆಟ್ಟಲಾ ಹತ್ತಿಲ್ಲ, ಅಂಕಿ ಬರೂದಿಲ್ಲ. ಅಳತಿ ಅಂದ್ರ ಆಟ ಅಂತ ತಿಳಿದಿಯೇನ? ವರ್ಷದೊಳಗ ತಿರುಗಿ ಬಂದು ಇದ ಮಣಿ ಮ್ಯಾಲ ಕುಂತು ಕಾಜಾ ಹಾಕ್ತಿ, ನೋಡ್ತಿರು." ಹೊರಡುವಾಗ ಒಂದು ಹಳೆಯ ಟೇಪನ್ನು ನನ್ನ ಮುಂದೆ ಎಸೆದರು.

ಮೆಷಿನ್ನಿಗಾಗಿ ಅವ್ವನ ಕೈಯ ಬಂಗಾರದ ಪಾಟಲಿ ಮಾರಿಹೋಗಿದ್ದವು. ತಿರುಗಿ ಹೋಗಲು ನನಗೆ ಮುಖವಿರಲಿಲ್ಲ.

ಅಂಕಿಯನ್ನು ನಾನು ಕಲಿತದ್ದು ಆ ಟೇಪಿನಿಂದ. ಅಕ್ಷರ ಕಲಿತದ್ದು ಸೀರೆಯ ಮೇಲೆ ತೊಡುವ ಜಂಪರಿನ ನಮೂನೆ ಕತ್ತರಿಸುವ ರದ್ದಿ ಪೇಪರಿನಿಂದ. ಹಾಗಾಗಿ ನಾನು ಓದಿದ ಸುದ್ದಿಯೆಲ್ಲ ಬಗಲಿನ ಹತ್ತಿರ ಬಂದು ನಿಂತುಬಿಡುತ್ತಿತ್ತು. ಮಂತ್ರಿಗಳು ಏನು ಭರವಸೆ ಕೊಟ್ಟರು ಎಂಬುದು ತಿಳಿಯುತ್ತಿತ್ತು, ಮುಂದೇನಾಯಿತು ಎಂಬುದು ಕತ್ತರಿಗೇ ಗೊತ್ತು.

ಅಂಗಡಿಯ ಹಿಂದೆ ಬಿ.ಎಡ್. ಕಾಲೇಜಿನ ಹುಡುಗಿಯರ ಹಾಸ್ಟೆಲ್. ಅಲ್ಲಿಂದ ಅಂಕಲಿಯ ಹುಡುಗಿಯೊಬ್ಬಳು, ಕಬ್ಬಿನ ಹೊಲದಲ್ಲಿ ಬೆಳೆದ ಗಟ್ಟಿಮುಟ್ಟಿನವಳು, ಸಂಜೆ ಹೊಲಿಗೆ ಕಲಿಯಲು ಬರುತ್ತಿದ್ದಳು. ಬದಲಿಗೆ ತನ್ನ ಮನಃಶಾಸ್ತ್ರ, ಸಂಖ್ಯಾಶಾಸ್ತ್ರದ ಪಾಠವನ್ನು ನನಗೆ ಕೇಳುವಂತೆ ಗಟ್ಟಿಯಾಗಿ ಓದಬೇಕು ಎಂಬುದು ಕರಾರು. ಮನುಷ್ಯರ ಬುದ್ಧಿ, ಮನಸ್ಸು ಎಲ್ಲಕ್ಕೂ ಅಳತೆ ಉಂಟು ಎಂದು ಅವಳ ಪುಸ್ತಕ ಹೇಳುತ್ತಿತ್ತು. ಅಳತೆ ಇದ್ದಲ್ಲಿ ಫಜೀತಿ ಇದ್ದೇ ಇರುತ್ತದೆ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಆ ಪಾಠ ನನ್ನ ಅಂಗಡಿಯಲ್ಲಿ ವಾರಕ್ಕೊಂದಾದರೂ ನಡೆಯುತ್ತಿತ್ತು.

೧. ಮೂರರಿಂದ ಶುರುವಾಗುವ ಟೇಪು

ಮಾಸ್ತರರು ಎಸೆದ ಟೇಪಿಗೆ ಮೊದಲಿನ ಎರಡಿಂಚು ಇರಲಿಲ್ಲ, ಹರಿದುಹೋಗಿತ್ತು. ಕಣ್ಣಿಗೆ ಬೀಳುವ ಮೊದಲ ಅಂಕಿಯೇ ಮೂರು. ನನಗೇನೂ ತೊಂದರೆಯಿರಲಿಲ್ಲ. ಅಳೆಯುತ್ತಿದ್ದೆ, ಬಾಯಲ್ಲೇ ಎರಡು ಕಳೆಯುತ್ತಿದ್ದೆ, ಬರೆದುಕೊಳ್ಳುತ್ತಿದ್ದೆ. ಈ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ನಾನು ದಾರದ ಉಂಡೆ ತರಲು ಹೋಗಿದ್ದೆ. ಅಥಣಿಯಿಂದ ಮದುವೆಗೆ ಬಂದಿದ್ದ ಬೀಗತಿಯೊಬ್ಬರು ಅವಸರದಲ್ಲಿ ಬಂದರಂತೆ, ಅಂಕಲಿಯ ಹುಡುಗಿಯೇ ಅಳತೆ ತೆಗೆದಳು. ಅವಳು ಬರೆದಿಟ್ಟಂತೆ ನಾನು ಹೊಲಿದೆ. ಮರುದಿನ ಬೀಗತಿ ಜಂಪರನ್ನು ಬಾವುಟದಂತೆ ಹಿಡಿದುಕೊಂಡು ಬಂದರು.

"ಏನವಾ, ಇದರಾಗ ನಾನೂ ಹಿಡಿತೇನಿ, ನನ್ನ ಸೊಸಿನೂ ಹಿಡಿತಾಳ. ನಾವಿಬ್ಬರೂ ಒಂದರಾಗ ಇರೂದು ನಮ್ಮ ಮನ್ಯಾಗ ಆಗೂದಿಲ್ಲ!"

ಅವರು ಹೋದ ಮೇಲೆ ಹುಡುಗಿಗೆ ಗುಟ್ಟು ಹೇಳಿದೆ. ಅವಳು ಬೈಯಲಿಲ್ಲ, ಕುಣಿದಾಡಿದಳು. "ಅಕ್ಕಾರ, ಇದು ಅಂತರ ಮಾಪಕ ನೋಡ್ರಿ! ಇದರ ಸೊನ್ನಿ ಖರೇ ಸೊನ್ನಿ ಅಲ್ಲ. ಎರಡು ಅಳತಿ ನಡುವಿನ ಫರಕ ಬರೋಬ್ಬರಿ ತೋರಸ್ತೈತಿ. ಆದ್ರ ಇದು ಅದರ ಎರಡ್ಪಟ್ಟು ಐತಿ ಅನ್ನಾಕ ಬರೂದಿಲ್ಲ. ನಮ್ಮ ಪುಸ್ತಕದಾಗ ಬುದ್ಧಿ ಅಳಿಯೂ ಮಾಪಕನೂ ಹಿಂಗ ಐತ್ರಿ."

ನಾನು ಬಿಡುವವಳಲ್ಲ, ಅಳೆದೇ ನೋಡಿದೆ. ಆರಿಂಚಿನ ತೋಳು ಟೇಪಿನಲ್ಲಿ ಎಂಟು, ಹನ್ನೆರಡು ಇಂಚಿನ ಉದ್ದ ಹದಿನಾಲ್ಕು. ಫರಕು ಆರೇ. ಎರಡರಷ್ಟು ಮಾತ್ರ ಮಾಯ!

"ಹಂಗಾರ ನಿಮ್ಮ ಪುಸ್ತಕ ಬರದವರೂ ನಿಪ್ಪಾಣಿ ಮಾಸ್ತರರ ಕಡೆಯಿಂದನ ಟೇಪ್ ಒಯ್ದಿರಬೇಕ" ಎಂದೆ.

೨. ಒಂದನೇ ನಂಬರು

ಹೆಸರು ಬರೆಯಲು ನನ್ನ ಕೈ ಇನ್ನೂ ತಿರುಗಿರಲಿಲ್ಲ. ಬಟ್ಟೆಯ ಗಂಟಿಗೆ ಬರೀ ನಂಬರಿನ ಚೀಟಿ ಹಚ್ಚುತ್ತಿದ್ದೆ. ಪೊಲೀಸ್ ಫೌಜದಾರರ ಹೆಂಡತಿ ತಮ್ಮ ಚೀಟಿ ನೋಡಿ ಕೆಂಪಾದರು.

"ನಮ್ಮನಿಯವರು ಊರಿಗೆ ಫೌಜದಾರ. ನನಗ ಹದಿನೇಳನೇ ನಂಬರ?"

"ಬಾಯಾರ, ಅದು ಬರೇ ಗುರ್ತರಿ. ಹೆಚ್ಚಲ್ಲ, ಕಡಿಮಿ ಅಲ್ಲ."

"ಬರೇ ಗುರ್ತ ಅಂದಮ್ಯಾಲ ಒಂದು ಕೊಡಾಕ ನಿನಗೇನ ತ್ರಾಸ?"

ಕೊಟ್ಟೆ. ಅದನ್ನು ಡಾಕ್ಟರ ಹೆಂಡತಿ ನೋಡಿದರು. ಉಗಾರದ ಫ್ಯಾಕ್ಟರಿಯ ಆಫೀಸರರ ಹೆಂಡತಿಗೆ ಸುದ್ದಿ ಮುಟ್ಟಿತು. ಹದಿನೈದು ದಿನದಲ್ಲಿ ನನ್ನ ಅಂಗಡಿಯಲ್ಲಿ ಮೂವರು ಒಂದನೇ ನಂಬರಿನವರಾದರು. ಮೂವರೂ ಒಬ್ಬರ ಜಂಪರನ್ನು ಇನ್ನೊಬ್ಬರು ಒಯ್ದರು. "ಇದಕ್ಕ ನಾಮಸೂಚಕ ಮಾಪಕ ಅಂತಾರ್ರಿ ಅಕ್ಕಾರ, ನಂಬರ್ ಅನ್ನೂದು ಬರೇ ಹೆಸರಿನ ಬದ್ಲಿ" ಎಂದಳು ಅಂಕಲಿಯ ಹುಡುಗಿ. "ಹೋಗಿ ಫೌಜದಾರರ ಮನ್ಯಾಗ ಹೇಳಿ ಬಾ" ಎಂದೆ.

ಕೊನೆಗೆ ನಂಬರು ಬಿಟ್ಟು ಬಣ್ಣದ ದಾರ ಕಟ್ಟತೊಡಗಿದೆ. ಹಸಿರು ಹಳದಿಗಿಂತ ದೊಡ್ಡದೆಂದು ಯಾರೂ ಜಗಳ ತೆಗೆಯಲಿಲ್ಲ. ಚುನಾವಣೆ ಬರುವ ತನಕ ಅದು ಚೆನ್ನಾಗಿಯೇ ನಡೆಯಿತು.

೩. ಐದಕ್ಕೆ ಐದು

ಜನರ ಸಮಾಧಾನವನ್ನು ಅಳೆದು ಬನ್ನಿ ಎಂದು ಕಾಲೇಜಿನಲ್ಲಿ ಹೇಳಿದ್ದರಂತೆ. ಅಂಕಲಿಯ ಹುಡುಗಿ ಒಂದು ಹಾಳೆ ಹಿಡಿದು ನನ್ನ ಅಂಗಡಿಯಲ್ಲೇ ಕೂತಳು. ಜಂಪರು ಒಯ್ಯಲು ಬಂದವರನ್ನು ಕೇಳುವುದು: ಐದು ಅಂದರೆ ಬಹಳ ಸಮಾಧಾನ, ಒಂದು ಅಂದರೆ ಏನೂ ಇಲ್ಲ.

ಚಿಂಚಲಿಯಿಂದ ಆಡು ಮಾರಲು ಸಂತೆಗೆ ಬಂದಿದ್ದ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾವೂರಾಕಿ ನೀ? ಹಾಸ್ಟೆಲ್ಲಿನ ಊಟ ಚಲೋ ಇರತೈತೇನು? ಐದಕ್ಕ ಐದು ಬರ್ಕೋ ತಂಗಿ."

ಅಂದು ಬಂದ ಎಲ್ಲರೂ ಐದೇ. ಸರಾಸರಿ ಐದು, ಹರವು ಸೊನ್ನೆ. ಇಂಥ ಅಂಗಡಿ ಲೋಕದಲ್ಲೇ ಇಲ್ಲ ಎಂದು ನಾನು ಬೀಗಿ, ಆ ಹಾಳೆಯ ಒಂದು ಪ್ರತಿಯನ್ನು ಗೋಡೆಗೆ ಹಚ್ಚಿದೆ. ಮುಂದಿನ ಸಂತೆಗೆ ಚಿಂಚಲಿಯ ಹೆಂಗಸು ಅದೇ ಜಂಪರನ್ನು ಗಂಟು ಕಟ್ಟಿ ತಂದಳು. "ತೋಳು ಹಿಡೀತೈತಿ, ಬೆನ್ನಾಗ ಸುಕ್ಕ. ಬಿಚ್ಚಿ ಹೊಲಿ."

"ಹಂಗಾರ ಐದು ಯಾಕ ಕೊಟ್ಟಿ ಬೇ?"

"ನಿನಗ ಯಾರ ಕೊಟ್ರ? ಆ ಹುಡುಗಿಗೆ ಕೊಟ್ಟೆ. ಪಾಪ, ಮನಿ ಬಿಟ್ಟು ಕಲ್ಯಾಕ ಬಂದೈತಿ, ಕಡಿಮಿ ಕೊಟ್ಟು ನಪಾಸ ಮಾಡ್ಲೇನು?"

೪. ಅಧಿಕಾರಿ ಕೇಳಿದ ಪ್ರಶ್ನೆ

ಮಾಸ್ತರರು ಹೇಳಿದ ವರ್ಷ ತುಂಬಲು ಎರಡು ತಿಂಗಳಿತ್ತು. ಸುಗ್ಗಿ ಮುಗಿದು, ಮದುವೆ ಮುಗಿದು, ಗಿರಾಕಿಗಳೂ ಮುಗಿದಿದ್ದರು. ಅಷ್ಟರಲ್ಲಿ ಕಾಲೇಜಿನಿಂದ ಸಂಖ್ಯಾಶಾಸ್ತ್ರದ ಸರ್ ಬಂದರು. ತಪಾಸಣೆಗೆ ಅಧಿಕಾರಿಗಳು ಬರುತ್ತಾರೆ, ಐವತ್ತಾರು ಹುಡುಗಿಯರಿಗೆ ಒಂದೇ ಬಣ್ಣದ ಜಂಪರು ಬೇಕು, ಅದೂ ಎಂಟು ದಿನದಲ್ಲಿ. ಈ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ನಿಪ್ಪಾಣಿಯ ಮಣೆ.

"ಐವತ್ತಾರು ನಮೂನಿ ಕತ್ತರಸಾಕ ವ್ಯಾಳೆ ಇಲ್ರಿ" ಎಂದರು ಸರ್. "ಕ್ಲಾಸಿನಾಗ ಎಲ್ಲಾರ ಅಳತಿ ತಗಿಸೀನಿ, ಸರಾಸರಿನೂ ಮಾಡೀನಿ. ಎದಿ ಮೂವತ್ತೆರಡು ಚಿಲ್ಲರ. ಎಲ್ಲಾ ಒಂದ ಅಳತಿಗೆ ಹೊಲೀರಿ."

ಹ್ಞೂಂ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ನಾಲಿಗೆ ಬಿಡಬೇಕಲ್ಲ! "ಸರ್, ಆ ಸರಾಸರಿ ಹುಡುಗೀನ ಒಮ್ಮೆ ಕರಕೊಂಡ ಬರ್ರಿ, ನೋಡೂಣು."

ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿದರು. ಮೂವತ್ತರ ಸುಮಾರಿನ ಎಳೆಯ ಹುಡುಗಿಯರು ಬಹಳ, ಮೂವತ್ತಾರರ ಸುಮಾರಿನವರು ಅವರಿಗಿಂತ ಸ್ವಲ್ಪ ಕಡಿಮೆ. ಮೂವತ್ತೆರಡು ಚಿಲ್ಲರೆಯವಳು ಒಬ್ಬಳೂ ಇರಲಿಲ್ಲ.

"ಹೆಚ್ಚು ಮಂದಿ ಯಾವ ಅಳತ್ಯಾಗ ಅದಾರ, ಆ ಅಳತಿ ಹೆಚ್ಚು ಕತ್ತರಸ್ತೇನ್ರಿ. ದಪ್ಪನ್ನವರದು ಬ್ಯಾರೆ."

"ಬಹುಲಕ ರೀ ಸರ್" ಎಂದಳು ಮೂಲೆಯಲ್ಲಿ ಹುಕ್ಕು ಹಚ್ಚುತ್ತಿದ್ದ ಅಂಕಲಿಯ ಹುಡುಗಿ.

ಸರ್‌ಗೆ ಸಿಟ್ಟು ಬಂತು. "ಜಂಪರ್ ಹೊಲ್ಯಾವ್ರು ನನಗ ಸಂಖ್ಯಾಶಾಸ್ತ್ರ ಹೇಳ್ತೀರೇನು?" ಅಲ್ಲೇ ತೀರ್ಮಾನ ಮಾಡಿದರು: ರೋಲ್ ನಂಬರ್ ಒಂದರಿಂದ ಇಪ್ಪತ್ತೆಂಟು ನನಗೆ, ನನ್ನ ರೀತಿಯಲ್ಲಿ. ಉಳಿದ ಇಪ್ಪತ್ತೆಂಟು ನಿಪ್ಪಾಣಿಯ ಮಾಸ್ತರರಿಗೆ, ಸರಾಸರಿಯ ರೀತಿಯಲ್ಲಿ. ಯಾರದು ಚೆನ್ನಾಗುತ್ತದೋ ಅವರಿಗೆ ಪ್ರತಿವರ್ಷದ ಕೆಲಸ. ಅಂಕಲಿಯ ಹುಡುಗಿಯ ನಂಬರು ಮೂವತ್ತೊಂದು. "ಅಕ್ಕಾರ, ನಾ ಶತ್ರು ಸೈನ್ಯದಾಗ ಹ್ವಾದೆ" ಎಂದು ನಕ್ಕಳು.

ತಪಾಸಣೆಯ ದಿನ ನಾನು ಸೂಜಿ ದಾರ ಹಿಡಿದು ವರಾಂಡದ ಕಿಟಕಿಯ ಹೊರಗೆ ನಿಂತಿದ್ದೆ. ಹುಡುಗಿಯರು ನಂಬರಿನಂತೆ ಕೂತಿದ್ದರು, ಬಲಗಡೆ ನನ್ನ ಜಂಪರಿನವರು, ಎಡಗಡೆ ಮಾಸ್ತರರ ಜಂಪರಿನವರು.

ಅಧಿಕಾರಿಗಳು ಕೇಳಿದರು: "ಮಧ್ಯಾಂಕ ಎಂದರೇನು?"

ಬಲಗಡೆಯ ಕೈಗಳೆಲ್ಲ ಮೇಲೆ. ಎಡಗಡೆ ಒಂದೂ ಇಲ್ಲ. ತೆಳ್ಳಗಿನವರು ಜಾರುವ ಹೆಗಲನ್ನು ಹಿಡಿದು ಕೂತಿದ್ದರು. ದಪ್ಪನೆಯವರು ಉಸಿರು ಹಿಡಿದು ಕೂತಿದ್ದರು.

"ವ್ಯಾಪ್ತಿ ಎಂದರೇನು?" ಮತ್ತೆ ಅದೇ.

"ಬಲಗಡೆಯವರು ಬಹಳ ಚುರುಕು" ಎಂದು ಅಧಿಕಾರಿಗಳು ಹಾಳೆಯಲ್ಲಿ ಬರೆದುಕೊಂಡರು. "ಎಡಗಡೆಯವರಿಗೆ ನೀವು ಪಾಠವನ್ನೇ ಹೇಳಿಲ್ಲವೇ?" ಸರ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

"ಕೊನೆಯ ಪ್ರಶ್ನೆ. ಸರಾಸರಿಯ ದೋಷವೇನು?" ಅಧಿಕಾರಿಗಳ ಬೆರಳು ಅಂಕಲಿಯ ಹುಡುಗಿಯ ಕಡೆ ತಿರುಗಿತು. "ನೀನು ಹೇಳಮ್ಮ. ಒಮ್ಮೆಯೂ ಕೈ ಎತ್ತಲಿಲ್ಲವಲ್ಲ, ಉತ್ತರ ಗೊತ್ತಿಲ್ಲವೇ?"

ಅವಳು ಎರಡೂ ಮೊಣಕೈ ಪಕ್ಕೆಗೆ ಒತ್ತಿ ಹಿಡಿದು, ಕಂಬದಂತೆ ಎದ್ದು ನಿಂತಳು.

"ಉತ್ತರ ಗೊತ್ತೈತ್ರಿ ಸರ್. ಕೈ ಎತ್ತಿದ್ರ ಸರಾಸರಿ ಹರೀತೈತ್ರಿ."

ಮರುದಿನ ಆ ಇಪ್ಪತ್ತೆಂಟು ಜಂಪರುಗಳನ್ನು ಬಿಚ್ಚಿ ಹೊಲಿಯಲೆಂದು ಸರ್ ತಾವೇ ಹೊತ್ತು ತಂದರು, ಬರುವ ವರ್ಷದ ಕೆಲಸವನ್ನೂ ಜೊತೆಗೆ.

ಈಗ ನನ್ನದು ಎನ್ನುವುದು ಮೂರು ಮೆಷಿನ್, ನಿಂತು ಕತ್ತರಿಸುವ ಉದ್ದನೆಯ ಮೇಜು, ಅಂಕಲಿಯ ಹುಡುಗಿ ಬಿಟ್ಟುಹೋದ ಸಂಖ್ಯಾಶಾಸ್ತ್ರದ ಪುಸ್ತಕ, ಸೊನ್ನೆಯಿಂದ ಶುರುವಾಗುವ ಹೊಸ ಟೇಪು. ಇದಕ್ಕೆ ಹೋದದ್ದು ಅವ್ವನ ಎರಡು ಪಾಟಲಿ, ಎಡಗಣ್ಣಿನ ಅರ್ಧ ದೃಷ್ಟಿ, ಮಾಸ್ತರರ ಜೊತೆಗಿನ ಮಾತುಕತೆ. ಅವರ ಹರಕು ಟೇಪು ಇನ್ನೂ ಗೋಡೆಯ ಮೊಳೆಗೆ ತೂಗುತ್ತಿದೆ. ಅದೊಂದೇ ಪುಕ್ಕಟೆ ಬಂದದ್ದು.